ಡಾಕ್ಟರಿಗೆ ಹೇಳದ ಮಾತು

ಮಗಳು ಕಿಟಕಿಯ ಬಳಿ ಕೂತು ಕೋಟಿನ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದಳು. ಎದುರಿಗೆ ದರ್ಜಿ ಅಪ್ಪ ಸಕ್ಕರೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮುಕ್ಕುತ್ತಿದ್ದ. ತುಂಬಿದ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಸೊಂಟದ ಅಳತೆಯನ್ನು ಅವನು ಕೂಗಿ ಹೇಳಿ ನಕ್ಕ ದಿನವೇ ಅವಳು ಅವನೊಡನೆ ಮಾತು ಬಿಟ್ಟಿದ್ದಳು. 'ಅಂಗಡಿಯ ಮಾತು ಅಂಗಡಿಯಲ್ಲೇ ಇರಬೇಕು' ಎಂದು ಅವಳಿಗೆ ಕಲಿಸಿದವನೂ ಅವನೇ.

ಪಕ್ಕದ ಮನೆಯ ನರ್ಸ್ ತಾನು ಹೊಲಿಯಲು ಕೊಟ್ಟಿದ್ದ ಕೋಟು ಕೇಳಲು ಬಂದಳು. ಅಪ್ಪ ಎದ್ದವನೇ ಅವಳ ಕೈಲಿದ್ದ ಸೇಬನ್ನು ಕಸಿದು ಕಚ್ಚಿದ.

"ತಮಾಷೆ ಮಾಡ್ತಾರೆ ಕಣೇ," ಒಳಗಿನಿಂದ ಬಂದ ಅಮ್ಮ ಪೆಚ್ಚಾಗಿ ನಕ್ಕಳು. "ಮನಸ್ಸಿಗೆ ಬೇಜಾರಂತೆ. ಮನೋವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಏನೂ ಗುಣ ಕಾಣ್ಲಿಲ್ಲ."

"ಅಳ್ತಾರಾ? ತಪ್ಪಾಯ್ತು ಅಂತಾರಾ?" ನರ್ಸ್ ಕೇಳಿದಳು.

"ಅಳೋದೆಲ್ಲಿ ಬಂತು! ಹೆತ್ತಮ್ಮ ತೀರಿಕೊಂಡ ದಿನ, 'ತಿಂಡಿ ಎಲ್ಲಿ?' ಅಂದ್ರು. ಮೊದಲು ಹೀಗಿರ್ಲಿಲ್ಲ."

"ಇದನ್ನ ಡಾಕ್ಟರಿಗೆ ಹೇಳಿದ್ರಾ?"

ಅಮ್ಮ ಮಗಳ ಮುಖ ನೋಡಿದಳು. "ಛೀ, ಮಾನ ಹೋಗಲ್ವಾ? ಕೆಲಸ ಬೇಡ ಅಂತಾರೆ, ಸುಮ್ಮನೆ ಕೂರ್ತಾರೆ ಅಂದ್ವಿ, ಅಷ್ಟೇ."

"ಪಾಪ, ಡಾಕ್ಟರಾದ್ರೂ ಏನ್ಮಾಡ್ತಾರಕ್ಕ? ತೋಳಿನ ಅಳತೆ ಕೊಟ್ಟು ಪೂರ್ತಿ ಕೋಟು ಹೊಲಿ ಅಂದ್ರೆ ನೀವು ಹೊಲಿತೀರಾ? ಖಿನ್ನತೆ ಇದ್ದೋರಿಗೆ ಸಾಮಾನ್ಯವಾಗಿ ಒಳಗೊಳಗೇ ಸಂಕಟ ಇರುತ್ತೆ. ಇವರಿಗೆ ಯಾವುದೂ ತಟ್ತಾನೇ ಇಲ್ಲ. ಇದು ಮೆದುಳಿನ ಮುಂಭಾಗ ಸವೆಯೋ ಕಾಯಿಲೆ ಇರಬಹುದು. ಫ್ರಾಂಟೊಟೆಂಪೊರಲ್ ಡಿಮೆನ್ಶಿಯಾ ಅಂತಾರೆ."

"ಮರೆವಿನ ಕಾಯಿಲೆನಾ? ಹಳೇ ಗಿರಾಕಿಗಳ ಅಳತೆಯೆಲ್ಲ ಇವತ್ತಿಗೂ ಇವರ ಬಾಯಲ್ಲಿದೆ!"

"ಎಷ್ಟೋ ಜನಕ್ಕೆ ಮೊದಲು ಹೋಗೋದು ನೆನಪಲ್ಲಕ್ಕ, ನಾಚಿಕೆ, ಕನಿಕರ. ಇದೇ ಅಂತ ನಾನು ಹೇಳಲಾರೆ. ನರರೋಗ ತಜ್ಞರು ನೋಡ್ಬೇಕು, ಸ್ಕ್ಯಾನ್ ಆಗ್ಬೇಕು."

ನರರೋಗ ತಜ್ಞರ ಮುಂದೆಯೂ ಅಮ್ಮ 'ಸುಮ್ಮನೆ ಕೂರ್ತಾರೆ' ಎಂದಷ್ಟೇ ಹೇಳಿದಳು. ಎಂದೂ ಬಾಯಿಬಿಡದ ಮಗಳೇ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು, ಸೊಂಟದ ಅಳತೆಯವರೆಗೆ. ಪರೀಕ್ಷೆಗಳಾದವು. ಅದೇ ಕಾಯಿಲೆ.

"ವಾಸಿ ಮಾಡೋ ಔಷಧಿ ಇನ್ನೂ ಇಲ್ಲಮ್ಮ. ಆದ್ರೆ ಇವರ ಜೊತೆಗೆ ಹೇಗಿರಬೇಕು ಅನ್ನೋದನ್ನ ಕಲಿಸ್ತೀವಿ," ಎಂದರು ವೈದ್ಯರು.

ಸಕ್ಕರೆ, ಕತ್ತರಿ ಬೀಗದೊಳಗೆ ಹೋದವು. ಅಮ್ಮ ಬೈಯುವುದನ್ನು ಬಿಟ್ಟಳು. ಮಗಳು ಮಾತ್ರ ಕೊರಗುತ್ತಲೇ ಉಳಿದಳು. ಅಪ್ಪನ ಬಾಯಲ್ಲಿ ಇನ್ನೂ ಮಾತಿದ್ದ ದಿನಗಳನ್ನೆಲ್ಲ ಅವಳು ಮುನಿಸಿನಲ್ಲೇ ಕಳೆದಿದ್ದಳು. ಈಗ ಕಾಯಿಲೆ ಬಲಿತು ಅವನ ಮಾತೇ ಉಡುಗುತ್ತಾ ಬಂದಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಡುವಯಸ್ಸು ದಾಟಿದವರ ಗುಣ ಮೆಲ್ಲಮೆಲ್ಲಗೆ ಬೇರೆಯಾಗುತ್ತಿದ್ದರೆ ಅದನ್ನು ಸೊಕ್ಕು ಎನ್ನಬೇಡಿ, ಬರೀ ಮನಸ್ಸಿನ ಬೇಜಾರೆಂದೂ ನೀವೇ ತೀರ್ಮಾನಿಸಬೇಡಿ. ಕೊಡುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ. ಕಂಡದ್ದನ್ನೆಲ್ಲ ವೈದ್ಯರಿಗೆ ಹೇಳಿ. ಹೇಳಲು ನಾಚಿಕೆಯಾಗುವುದನ್ನೇ ಮೊದಲು ಹೇಳಿ.

ಮೊನ್ನೆ ಅಪ್ಪ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಯನ್ನೇ ಮತ್ತೆ ಮತ್ತೆ ಎಳೆಯುತ್ತಿದ್ದ. ಮಗಳು ಟೇಪು ಹಿಡಿದು ಅವನ ಮುಂದೆ ನಿಂತಳು.

"ಅಪ್ಪಾ, ನನಗೊಂದು ಅಂಗಿ ಬೇಕು. ಅಳತೆ ತಗೋ."