ದೀರ್ಘಕ್ಕೆ ಎರಡು ಕೈ

ನನ್ನ ಬಾಯಿ ಜೋರು. ನಿಟ್ಟುವಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದನೇ ಕ್ಲಾಸಿಗೆ ಹನ್ನೆರಡು ವರ್ಷ ಕನ್ನಡ ಕಲಿಸಿದವಳು ನಾನು, ಅದಕ್ಕೆ ನನ್ನದೇ ಒಂದು ಪದ್ಧತಿ: ಹ್ರಸ್ವಕ್ಕೆ ಮುಷ್ಟಿ ಹಿಡಿಯುವುದು, ದೀರ್ಘಕ್ಕೆ ಎರಡೂ ಕೈ ಅಗಲಕ್ಕೆ ಚಾಚುವುದು. ನಾನು ‘ಕಾ’ ಅಂದರೆ ಮಕ್ಕಳು ‘ಕಾ’ ಬರೆದ ರಟ್ಟು ಎತ್ತಬೇಕು. ತೊಂಬತ್ತೇಳರಲ್ಲಿ ಎಲ್ಲರಿಗಿಂತ ಮೊದಲು ಎತ್ತುತ್ತಿದ್ದವಳು ರಶ್ಮಿತಾ. ಮುಂದಿನ ಸಾಲಿನಲ್ಲಿ ಕೂತು ನನ್ನಿಂದ ಕಣ್ಣು ಕೀಳುತ್ತಿರಲಿಲ್ಲ.

ಜುಲೈನಲ್ಲಿ ಅವಳ ಅಜ್ಜಿ ಕೆಂಚಕ್ಕ ಬಂದಳು.

“ಮೇಡಮ್ಮಾರೆ, ಕೂಸಿನ ಕಿವಿ ಸೋರ್ತೈತ್ರಿ. ಹಿಂದಿಂದ ಕರದ್ರೆ ತಿರುಗಿ ನೋಡಲ್ಲ. ದೊಡ್ಡ ಡಾಕ್ಟ್ರಿಗೆ ತೋರಿಸ್ಲೇನ್ರಿ?”

“ಅಯ್ಯೋ, ನಿಮ್ಮ ಮೊಮ್ಮಗಳು ಕ್ಲಾಸಿಗೇ ಫಸ್ಟು. ಕಿವಿ ಕೇಳದಿದ್ರೆ ಹೆಂಗೆ ಕಲೀತಿದ್ಲು? ಅದು ಬರೀ ಹಠ ಕಣ್ರಿ. ಎರಡು ಬಿಟ್ರೆ ಸರಿಹೋಗ್ತಾಳೆ,” ಎಂದು ನಕ್ಕೆ.

ಓದಿದವರ ಮಾತೆಂದು ಮುದುಕಿ ನಂಬಿದಳು. ಸೆರಗಿನಿಂದ ಮಗುವಿನ ಕಿವಿ ಒರೆಸಿ ಹೋದಳು.

ಫೆಬ್ರವರಿಯಲ್ಲಿ ಆವರಗೆರೆ ಹತ್ತಿರ ಲೂನಾದಿಂದ ಬಿದ್ದು ಬಲಗೈ ಮುರಿದುಕೊಂಡೆ. ಪ್ಲಾಸ್ಟರ್ ಹಾಕಿಸಿಕೊಂಡೇ ಪಾಠಕ್ಕೆ ಬಂದೆ. ಕೈ ಚಾಚುವಂತಿಲ್ಲ, ಬರೀ ಬಾಯಲ್ಲಿ ಹೇಳಿದೆ. ಉಳಿದ ಮಕ್ಕಳೆಲ್ಲ ಎತ್ತಿದರು. ರಶ್ಮಿತಾ ಒಮ್ಮೆ ತಪ್ಪು ರಟ್ಟು ಎತ್ತಿದಳು, ಆಮೇಲೆ ನನ್ನ ಪ್ಲಾಸ್ಟರನ್ನೇ ನೋಡುತ್ತ ಸುಮ್ಮನೆ ಕೂತಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ. “ಹೊಗಳಿದ್ದಕ್ಕೆ ಕೊಬ್ಬೇನೇ?” ಎಂದು ಎಡಗೈಯಲ್ಲೇ ಸ್ಕೇಲಿನಿಂದ ಬಾರಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ಶಾಲೆ ಬಿಟ್ಟಿತು. ಮಕ್ಕಳೆಲ್ಲ ಓಡಿದರು. “ಹೋಗೇ ಮನೆಗೆ,” ಅಂದೆ. ಅವಳು ಅಲುಗಲಿಲ್ಲ. ಕೂಗಿದೆ. ಇಲ್ಲ. ಸಿಟ್ಟಿಗೆ ಡಸ್ಟರನ್ನು ಮೇಜಿಗೆ ಕುಟ್ಟಿದೆ. ಬೆನ್ನು ಬೆಚ್ಚಲೂ ಇಲ್ಲ. ಆಗ ನನಗೆ ಅರ್ಥವಾಯಿತು. ಏಳು ತಿಂಗಳು ಆ ಮಗು ಓದಿದ್ದು ನನ್ನ ತುಟಿಯನ್ನು, ನನ್ನ ಕೈಗಳನ್ನು.

ಮರುದಿನ ಕೆಂಚಕ್ಕನನ್ನೂ ಮಗುವನ್ನೂ ನಾನೇ ಆಸ್ಪತ್ರೆಗೆ ಕರೆದೊಯ್ದೆ. “ಎರಡೂ ಕಿವಿ ಒಳಗೇ ಕೊಳೆತುಬಿಟ್ಟೈತೆ. ಮಳೆಗಾಲದಾಗೆ ತಂದಿದ್ರೆ ಉಳಿಸಬಹುದಿತ್ತು,” ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತೆವು. ಕೆಂಚಕ್ಕ ಬೈಯಲಿಲ್ಲ. ಬೈದು ಉಗಿದಿದ್ದರೆ ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದೆ. ಅವಳು ಮೊಮ್ಮಗಳ ತೋಳು ಸವರುತ್ತ, ನನ್ನ ಮುಖ ನೋಡದೆ ಹೇಳಿದಳು:

“ನೀವು ಹಠ ಅಂದ್ರಲ್ರಿ. ಅವತ್ತಿಂದ ಕರದಾಗ ಬರಲಿಲ್ಲ ಅಂತ ದಿನಾ ಬಡದೆ ರೀ, ಈ ಕೂಸನ್ನ.”