ತಮ್ಮನ ಕಾರಿನಲ್ಲಿ ತಮ್ಮನ ಹಾಡು

ತಮ್ಮ ತೀರಿಕೊಂಡನೆಂದು ಅವನ ಹೆಂಡತಿ ಫೋನು ಮಾಡಿದಾಗ ಅಣ್ಣ ಗ್ಯಾರೇಜಿನಲ್ಲಿದ್ದ. ತಮ್ಮ ತಾನೇ ಹಾಡಿ ತುಂಬಿಸಿಟ್ಟ ಪುಟ್ಟ ಮ್ಯೂಸಿಕ್ ಪ್ಲೇಯರನ್ನು ಅವನ ಹಳೆಯ ಸ್ಪೋರ್ಟ್ಸ್ ಕಾರಿಗೆ ಜೋಡಿಸಿ, ನಾಳೆ ಅವನನ್ನು ಆಸ್ಪತ್ರೆಯಿಂದ ಹಾಡು ಹಾಕಿಕೊಂಡೇ ಮನೆಗೆ ಕರೆತರಬೇಕೆಂದು ಅಣ್ಣ ಅಂದುಕೊಂಡಿದ್ದ.

ಈಗ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ದನಿಯನ್ನು ಈ ಕ್ಷಣ ಕೇಳದಿದ್ದರೆ ಎದೆ ಒಡೆದೀತು ಎನಿಸಿತು.

“ಕಾರಿನ ಹಳೇ ಟೇಪ್ ಕಿತ್ತು ಬಿಸಾಕಯ್ಯಾ, ಈ ಪ್ಲೇಯರಿಗೆ ಹೊಂದೋ ಹೊಸದು ಹಾಕು!” ಎಂದು ಮೆಕ್ಯಾನಿಕ್‌ಗೆ ಗದರಿದ.

ಇನ್ನೂ ಫೋನಿನಲ್ಲಿದ್ದ ತಮ್ಮನ ಹೆಂಡತಿ ಬಿಕ್ಕುತ್ತಲೇ ಅಂದಳು, “ಬೇಡ ಭಾವ. ಆ ಟೇಪ್ ಮುಟ್ಟಿದ್ರೆ ನನ್ನ ಮೇಲೇ ಹಾರಿ ಬೀಳ್ತಿದ್ರು ಅವರು.”

ಮೆಕ್ಯಾನಿಕ್ ಬಾಲದಂತೆ ತಂತಿಯಿದ್ದ ಕ್ಯಾಸೆಟ್ಟೊಂದನ್ನು ತಂದ. “ಏನೂ ಕೀಳೋದು ಬೇಡ ಯಜಮಾನ್ರೆ. ಇದನ್ನ ಟೇಪಿಗೆ ತೂರಿಸಿ, ತಂತಿ ಪ್ಲೇಯರಿಗೆ ಸಿಕ್ಕಿಸಿದ್ರಾಯ್ತು.”

ಅಣ್ಣ ಅದನ್ನು ಕಸಿದುಕೊಂಡು ತಿರುಗುಮುರುಗಾಗಿ ತುರುಕಿದ. ಟೇಪು ಹೊರಕ್ಕೆ ಉಗುಳಿತು.

“ನಿಧಾನ, ಯಜಮಾನ್ರೆ. ತಂತಿ ಈ ಕಡೆ ಬರಲಿ.”

ಈ ಸಲ ಗರಗರ ಸದ್ದಾಯಿತು. ಹಾಡಿಗೂ ಮೊದಲು ತಮ್ಮನ ಪಿಸುಮಾತು ಕೇಳಿತು: “ಲೇ, ಬಾಗಿಲು ಹಾಕೇ. ಅಣ್ಣ ಕೇಳಿದ್ರೆ ಕತ್ತೆ ಕಿರುಚ್ತು ಅಂತಾನೆ.”

ಅಣ್ಣ ಸ್ಟೀರಿಂಗಿಗೆ ಹಣೆಯೊತ್ತಿ ಕಣ್ಣು ಮುಚ್ಚಿದ. “ದೇವರೇ, ಇವನು ನನ್ನ ಕೂಸು. ನಿನ್ನ ಮಡಿಲಿಗೆ ಹಾಕಿಕೋ. ಇವನ ಆತ್ಮಕ್ಕೆ ಶಾಂತಿ ಕೊಡು ತಂದೆ.”