ಮುದಕಮ್ಮನ ಬೇರು

ಅನ್ನಪೂರ್ಣಳ ಕಣ್ಣು ಹಳದಿಯಾಗಿದ್ದನ್ನು ಮೊದಲು ನೋಡಿದವಳು ನಾನು. ನೋಡಿಯೂ ಎರಡು ದಿನ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ಗಿಣಿಗೇರಾ ದಾಟಿದರೆ ಕಾರ್ಖಾನೆಗಳ ಬೆನ್ನಿಗೆ ನಮ್ಮೂರು. ಬೆಳಿಗ್ಗೆ ಅಂಗಳ ಗುಡಿಸಿದರೆ ಕಸಬರಿಗೆ ತುಂಬ ಕರಿ ಬೂದಿ. ಮುಚ್ಚದೆ ಇಟ್ಟ ನೀರಿನ ಮೇಲೂ ಅದೇ. ಅವತ್ತು ಅವಳು ನಳದ ಹತ್ತಿರ ಕೊಡ ತೊಳೆಯುತ್ತಿದ್ದಳು. ಒಂದು ಕೊಡ ಎತ್ತುವಷ್ಟರಲ್ಲಿ ಮೂರು ಸಲ ಕೂತು ಎದ್ದಳು.

"ಯಾಕ ಅನ್ನಪೂರ್ಣಾ, ಮೈಯಾಗ ಆರಾಮಿಲ್ಲೇನು?"

"ಏನಿಲ್ರಿ ಅಕ್ಕಾರ. ಬಾಯಿ ಕಹಿ ಆಗೇತಿ. ರೊಟ್ಟಿ ನೋಡಿದ್ರ ವಾಂತಿ ಬರ್ತೈತಿ." ಹೇಳುತ್ತ ನಕ್ಕಳು. "ನಮ್ಮತ್ತಿ ನಿನ್ನಿ ತಾನಾಗಿ ನನಗ ಮೊಸರು ಬಡಿಸಿದಳ್ರಿ. ಪುಡಿ ಕೆಲಸ ಮಾಡೇತಿ ಅಂತಾಳ."

ಮದುವೆಯಾಗಿ ಆರು ವರ್ಷದಲ್ಲಿ ಅತ್ತೆ ಕನಕಮ್ಮ ಅವಳಿಗೆ ಮೊಸರು ಬಡಿಸಿದ್ದು ಅದೇ ಮೊದಲು. ಮಗ ಮಾಂತೇಶನಿಗೆ ಇನ್ನೊಂದು ಹೆಣ್ಣು ನೋಡಲು ಕನಕಮ್ಮ ಎರಡು ಸಲ ಯಲಬುರ್ಗಾಕ್ಕೆ ಹೋಗಿ ಬಂದಿದ್ದಳು. ಈಗ ವಾಂತಿ ಎಂದಕೂಡಲೇ ಅವರ ಮನೆಯಲ್ಲಿ ಮಾತೇ ಬದಲಾಗಿತ್ತು. ಅಂಥವಳಿಗೆ ನಿನ್ನ ಕಣ್ಣು ಹಳದಿಯಾಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ನನ್ನ ಅಂಜಿಕೆ ಇತ್ತು. ಆ ಪುಡಿ ಕೊಡುವವರಿಗೆ ಅವಳ ಹೆಸರು ಕೊಟ್ಟವಳೇ ನಾನು.

ನಾನು ಶಿವಲೀಲಾ, ಈ ಊರಿನ ಆಶಾ ಕಾರ್ಯಕರ್ತೆ. ಯುಗಾದಿ ಮುಗಿದ ಮೇಲೆ ಒಂದು ಬಿಳಿ ವ್ಯಾನಿನಲ್ಲಿ ಪ್ರಭುರಾಜ ಎನ್ನುವವನು ಬಂದಿದ್ದ. ಔಷಧ ಕಂಪನಿಯವನು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಹಳ್ಳಿ ಮದ್ದಿನಲ್ಲಿ ಭಾಳ ಶಕ್ತಿ ಇದೆ, ಅದನ್ನು ಪರೀಕ್ಷೆ ಮಾಡಿ ಲೋಕಕ್ಕೆ ತೋರಿಸಬೇಕು ಎಂದ. ಮಕ್ಕಳಾಗದ ಹೆಣ್ಣುಮಕ್ಕಳ ಹೆಸರು ಕೇಳಿದ. ನನ್ನ ರಿಜಿಸ್ಟರಿನಲ್ಲಿ ಯಾರ ಮನೆಯ ಸಂಕಟ ಇಲ್ಲ? ತೆಗೆದು ಓದಿಬಿಟ್ಟೆ. ಅವನು ಬರೆದುಕೊಂಡ. ಸುತ್ತಲಿನ ಮೂರು ಊರು ಸೇರಿ ಹತ್ತೊಂಬತ್ತು ಹೆಂಗಸರಾದರು.

ಮದ್ದು ಮಾತ್ರ ನಮ್ಮ ಮುದಕಮ್ಮನದು. ಎಪ್ಪತ್ತು ದಾಟಿದ ಮುದುಕಿ, ಆಡು ಕಾಯುತ್ತಾಳೆ. ಮಕ್ಕಳಾಗದವರಿಗೆ ಒಂದು ಬಳ್ಳಿಯ ಬೇರು ತೇಯ್ದು ಕೊಡುತ್ತಾಳೆ. ಫಲ ಸಿಕ್ಕವರೂ ಇದ್ದಾರೆ, ಸಿಗದವರೂ ಇದ್ದಾರೆ. ಅವಳು ಯಾರಿಗೂ ಖಾತ್ರಿ ಕೊಟ್ಟವಳಲ್ಲ. ಪ್ರಭುರಾಜ ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಗಂಗಾವತಿ ಕಡೆಯ ಗುಡ್ಡಕ್ಕೆ ಹೋದ. ಜೊತೆಗೆ ನಾನೂ ಹೋಗಿದ್ದೆ. ಬಳ್ಳಿ ತೋರಿಸಿ, ಬೇರು ಅಗೆದುಕೊಟ್ಟು, ಅವಳು ನನ್ನೆದುರಿಗೇ ಹೇಳಿದಳು.

"ಮುಟ್ಟಾಗಿ ತಲಿಗೆ ನೀರು ಹಾಕ್ಕೊಂಡ ಮ್ಯಾಲೆ ಮೂರು ಮುಂಜಾನಿ ಕುಡೀಬೇಕ್ರಿ. ಅಷ್ಟ. ಆಮ್ಯಾಲೆ ಆ ತಿಂಗಳು ಅದನ್ನ ಕುಡಿಯಂಗಿಲ್ಲ. ಹೆಚ್ಚಾದ್ರ ಹೊಟ್ಟಿ ಕೆಡಿಸತೈತಿ."

"ಆಯ್ತಜ್ಜಿ" ಎಂದು ಬರೆದುಕೊಂಡ. ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ.

ಔಷಧ ಹಂಚುವ ಕ್ಯಾಂಪಿನ ದಿನ ಎಂಟು ಹಾಳೆಯ ಕಾಗದಕ್ಕೆ ಸಹಿ ಮಾಡಿಸಿದರು. ಎಲ್ಲಾ ಇಂಗ್ಲಿಷು. ಅನ್ನಪೂರ್ಣ ಏಳನೇ ತರಗತಿ ಕಲಿತವಳು. ಪೆನ್ನು ಹಿಡಿದು ಕೇಳಿದಳು, "ಇದರಾಗ ಏನು ಬರದೈತ್ರಿ?"

"ಔಷಧ ಪುಕ್ಕಟೆ ಅಂತ ಬರದೈತ್ರಿ, ತಾಯಿ" ಎಂದ ಪ್ರಭುರಾಜ.

"ನಮ್ಮನಿಯವರನ್ನೂ ತೋರಿಸಬೇಕೇನ್ರಿ?"

"ಬ್ಯಾಡ್ರಿ. ಇದು ಹೆಂಗಸರ ಔಷಧ."

ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸಹಿ ಮಾಡಿದಳು.

ಹಸಿರು ಪೊಟ್ಟಣದಲ್ಲಿ ಆ ಬೇರಿನ ಪುಡಿ. ದಿನಕ್ಕೆ ಎರಡು ಹೊತ್ತು, ಮೂರು ತಿಂಗಳು. ಹದಿನೈದು ದಿನಕ್ಕೊಮ್ಮೆ ವ್ಯಾನು ಬಂದು ರಕ್ತ ತೆಗೆದುಕೊಂಡು ಹೋಗುತ್ತಿತ್ತು. ರಕ್ತದಲ್ಲಿ ಏನು ಕಂಡಿತೆಂದು ಯಾರೂ ಹೇಳಲಿಲ್ಲ. ಮುದಕಮ್ಮ ಮೂರು ದಿನ ಅಂದಿದ್ದಳಲ್ಲ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಓದಿದವರು, ಅವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಾದೆ. ಸವತಿ ಬರುತ್ತಾಳೆಂಬ ಹೆದರಿಕೆಗೆ ಅನ್ನಪೂರ್ಣ ಒಂದು ಹೊತ್ತೂ ತಪ್ಪಿಸಲಿಲ್ಲ.

ನಾನು ಅವಳ ಕಣ್ಣು ನೋಡಿದ ಮೂರನೆಯ ದಿನ ಅವಳು ಒಲೆಯ ಮುಂದೆ ಬಿದ್ದಳು. ಕನಕಮ್ಮ ನನ್ನನ್ನು ಕರೆಯಲು ಓಡಿ ಬಂದಳು. ಹೋಗಿ ನೋಡಿದರೆ ಅಂಗೈ ಕೂಡ ಅರಿಶಿನ ಹಚ್ಚಿದ ಹಾಗಿತ್ತು. ಪ್ರಭುರಾಜನಿಗೆ ಫೋನು ಮಾಡಿದೆ.

"ಎಲ್ಲಿಗೂ ಕರ್ಕೊಂಡು ಹೋಗಬ್ಯಾಡ್ರಿ ಅಕ್ಕಾರ. ನಾವೇ ಬರ್ತೀವಿ."

ಮಧ್ಯಾಹ್ನದವರೆಗೆ ಕಾದೆವು. ಯಾರೂ ಬರಲಿಲ್ಲ. ಅಷ್ಟರಲ್ಲಿ ಅವಳು ಗಂಡನನ್ನು ಗುರುತು ಹಿಡಿಯುವುದನ್ನು ಬಿಟ್ಟಳು. ಮಾಂತೇಶ ಕಾರ್ಖಾನೆಯ ಬಟ್ಟೆಯಲ್ಲೇ ಅವಳನ್ನು ಎತ್ತಿ ಆಟೋದಲ್ಲಿ ಹಾಕಿದ. ಕೊಪ್ಪಳದ ದವಾಖಾನೆ ಮುಟ್ಟುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಬರುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ.

ಐದು ದಿನಕ್ಕೆ ಕಣ್ಣು ತೆರೆದಳು. ಡಾಕ್ಟರಮ್ಮ ಸುರೇಖಾ ಹಾಸಿಗೆಯ ಹತ್ತಿರ ಕೂತು ನಿಧಾನವಾಗಿ ಹೇಳಿದರು.

"ಲಿವರಿಗೆ ಪೆಟ್ಟು ಬಿದ್ದೈತಮ್ಮ. ಸ್ವಲ್ಪದಾಗ ಉಳಿದಿ."

"ಹೊಟ್ಟ್ಯಾಗಿಂದು?"

"ಹೊಟ್ಟ್ಯಾಗ ಏನೂ ಇರಲಿಲ್ಲಮ್ಮ. ನೀ ಬಸಿರಾಗಿರಲಿಲ್ಲ."

ಅನ್ನಪೂರ್ಣ ಗೋಡೆಯ ಕಡೆ ಹೊರಳಿದಳು.

ಮರುದಿನ ಪ್ರಭುರಾಜ ಬಂದ. ಕೈಯಲ್ಲಿ ಸೇಬು, ಕಂಕುಳಲ್ಲಿ ಫೈಲು. ಈ ಸಲ ಕಾಗದ ಕನ್ನಡದಲ್ಲಿತ್ತು. ನಾನೇ ಓದಿದೆ. ಅನ್ನಪೂರ್ಣ ಕಂಪನಿಯ ಔಷಧ ಬಿಟ್ಟು, ಮುದಕಮ್ಮನಿಂದ ಹಸಿ ಬೇರು ತರಿಸಿಕೊಂಡು ಕುಡಿದಳು, ಅದರಿಂದ ಹೀಗಾಯಿತು ಎಂದು ಬರೆದಿತ್ತು. ಕೆಳಗೆ ಅವಳ ಸಹಿ ಬೇಕಾಗಿತ್ತು. ಸಾಕ್ಷಿಗೆ ನನ್ನದು.

"ಮುದಕಮ್ಮನ ಗತಿ ಏನ್ರಿ?" ಎಂದೆ.

"ಲೈಸೆನ್ಸ್ ಇಲ್ದ ಔಷಧ ಕೊಟ್ರ ಕಾನೂನು ಬಿಡ್ತೈತೇನ್ರಿ?" ಮೆತ್ತಗೇ ಹೇಳಿದ. "ನಿಮ್ಮದೂ ವಿಚಾರ ಮಾಡ್ರಿ. ಹೆಸರು ಕೊಟ್ಟಾಕಿ ನೀವು. ಕೇಸಾದ್ರ ಮೊದಲು ಕರೆಯೂದು ನಿಮ್ಮನ್ನ." ಆಮೇಲೆ ಮಾಂತೇಶನ ಕಡೆ ತಿರುಗಿದ. "ನಿಮ್ಮ ಕಾಂಟ್ರಾಕ್ಟರು ನಮಗ ಬೇಕಾದವರು. ನಾ ಏನೂ ಹೇಳಂಗಿಲ್ಲ."

ಗಂಡ ಸತ್ತ ಮೇಲೆ ಈ ಕೆಲಸವೇ ನನಗೆ ಅನ್ನ. ಜೈಲು ಎಂದರೆ ಹೇಗಿರುತ್ತದೋ. ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಮುದಕಮ್ಮ ನಿಂತಿದ್ದಳು. ನಾಲ್ಕೈದು ಜನರನ್ನು ಕೇಳಿಕೊಂಡು ಹುಡುಕಿ ಬಂದಿದ್ದಳು. ಯಾರನ್ನೂ ನೋಡದೆ ನೇರ ಹಾಸಿಗೆಯ ಹತ್ತಿರ ಹೋಗಿ ಅನ್ನಪೂರ್ಣಳ ಪಾದ ಮುಟ್ಟಿ ನೋಡಿದಳು.

"ಎಷ್ಟು ದಿನ ತಗೊಂಡಿ ಯವ್ವಾ?"

"ದಿನಾ ಅಜ್ಜಿ. ಎರಡು ಹೊತ್ತು. ಎರಡು ತಿಂಗಳಾತು."

ಮುದುಕಿ ನೆಲಕ್ಕೆ ಕುಸಿದಳು. "ಮೂರು ದಿನ ಅಂತ ಹೇಳಿದ್ನೆಲ್ಲೋ ತಮ್ಮಾ. ನೀ ಬರ್ಕೊಂಡಿ. ಶಿವಲೀಲಾ ಇದ್ದಳಲ್ಲ ಅಲ್ಲಿ."

ಪ್ರಭುರಾಜ ಪೆನ್ನನ್ನು ಅನ್ನಪೂರ್ಣಳ ಕೈಗೆ ಕೊಟ್ಟ.

"ಮಾಡಿಬಿಡು" ಎಂದ ಮಾಂತೇಶ, ಮುಖ ಎತ್ತದೆ. "ಮನಿಗೆ ಹೋಗೂಣು."

ಅನ್ನಪೂರ್ಣ ಪೆನ್ನನ್ನು ಹಾಸಿಗೆಯ ಮೇಲೆ ಇಟ್ಟಳು.

"ನನಗ ಅಂಜಿಕಿ ಬರ್ತೈತಿ" ಎಂದಳು ಗಂಡನಿಗೆ. "ನಿಮಗೂ ಅಂಜಿಕಿ. ನಮ್ಮತ್ತಿಗೂ ಅಂಜಿಕಿ. ಆದ್ರ ಈ ಮುದುಕಿ ಏನು ಮಾಡ್ಯಾಳ? ಆಕಿ ಕೈಲೆ ನಾ ಒಂದು ಹನಿ ಕುಡಿದಿಲ್ಲ. ಸುಳ್ಳಿಗೆ ಸಹಿ ಹಾಕಂಗಿಲ್ಲ. ಬೇಕಾದ್ರ ಇನ್ನೊಬ್ಬಾಕಿನ್ನ ತಂದ್ಕೊಳ್ರಿ. ತರೂಕಿಂತ ಮೊದಲ ನೀವೂ ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ರಿ."

ಮಾಂತೇಶನ ಮುಖ ಸುಟ್ಟುಕೊಂಡವನ ಹಾಗಾಯಿತು. ಹೊಡೆಯುತ್ತಾನೆ ಅಂದುಕೊಂಡೆ. ಎದ್ದು ಹೊರಗೆ ಹೋದ. ತುಸು ಹೊತ್ತಿಗೆ ಒಂದು ತಂಬಿಗೆ ನೀರು ತಂದು ಮುದಕಮ್ಮನ ಮುಂದಿಟ್ಟ.

ನಾನು ಆ ಕಾಗದ ಎತ್ತಿಕೊಂಡು ಡಾಕ್ಟರಮ್ಮನ ಕೋಣೆಗೆ ನಡೆದೆ. ಪ್ರಭುರಾಜ ಹಿಂದಿನಿಂದ "ಅಕ್ಕಾರ, ಅಕ್ಕಾರ" ಎನ್ನುತ್ತ ಬಂದ. ನಿಲ್ಲಲಿಲ್ಲ. ನಿಂತರೆ ತಿರುಗಿಬಿಡುತ್ತೇನೆ ಎಂದು ನನಗೆ ಗೊತ್ತಿತ್ತು.

"ಹೆಸರು ಕೊಟ್ಟಾಕಿ ನಾನ್ರೀ ಮೇಡಂ" ಎಂದೆ. "ಅದನ್ನ ಮೊದಲು ಬರ್ಕೊಳ್ರಿ. ಆಮ್ಯಾಲೆ ಉಳಿದದ್ದು ಹೇಳ್ತೀನಿ."

ಅವರು ಎಲ್ಲವನ್ನೂ ಬರೆದುಕೊಂಡರು. ಉಳಿದ ಪೊಟ್ಟಣಗಳನ್ನು ಇಸಿದುಕೊಂಡು ಮೇಲಿನವರಿಗೆ ಕಳಿಸಿದರು. ನಾನು ಅವತ್ತೇ ಊರಿಗೆ ಬಂದು ಹೆಸರು ಕೊಟ್ಟ ಒಂದೊಂದು ಮನೆಗೂ ಹೋದೆ. ಇನ್ನಿಬ್ಬರ ಕಣ್ಣು ಹಳದಿಯಾಗಿತ್ತು. ಬಸಿರಿರಬೇಕು ಎಂದು ಅವರೂ ಯಾರಿಗೂ ಹೇಳಿರಲಿಲ್ಲ. ಒಬ್ಬಳು ಉಳಿದಳು. ಕಿನ್ನಾಳದಿಂದ ನಮ್ಮೂರಿಗೆ ಮದುವೆಯಾಗಿ ಬಂದ ಜರೀನಾ ಉಳಿಯಲಿಲ್ಲ. ಇಪ್ಪತ್ನಾಲ್ಕು ವರ್ಷ ಅವಳಿಗೆ. ನನ್ನ ರಿಜಿಸ್ಟರಿನಿಂದ ನಾನು ಓದಿದ ಹೆಸರು ಅದು. ಅವಳ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಮಾಂತೇಶನಿಗೆ ಕಾಂಟ್ರಾಕ್ಟರು ನಾಳೆಯಿಂದ ಬರಬೇಡ ಎಂದ. ಅವನು ಈಗ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಾನೆ. ಮುದಕಮ್ಮನ ಗುಡಿಸಲಿಗೆ ಪೊಲೀಸರು ಎರಡು ಸಲ ಬಂದು ಹೋದರು. ಕಂಪನಿಯ ಬಗ್ಗೆ ಕೇಳಿದರೆ ತನಿಖೆ ನಡೆದಿದೆ ಅನ್ನುತ್ತಾರೆ.

ಹೋದ ವಾರ ಬಿಳಿ ವ್ಯಾನು ಕುಷ್ಟಗಿ ಕಡೆಯ ಒಂದು ಊರಿಗೆ ಬಂದಿದೆ ಎಂದು ಗೊತ್ತಾಯಿತು. ನಾನು, ಅನ್ನಪೂರ್ಣ, ಮುದಕಮ್ಮ, ಜರೀನಾಳ ತಾಯಿ, ನಾಲ್ವರೂ ಬಸ್ಸು ಹತ್ತಿದೆವು.

ಸಮುದಾಯ ಭವನದ ಮುಂದೆ ಇಪ್ಪತ್ತೈದು ಮೂವತ್ತು ಹೆಂಗಸರು ಪಾಳಿ ಹಚ್ಚಿದ್ದರು. ಸೆರಗು ಮುಖದ ಮೇಲೆ. ಅವರ ಅತ್ತೆಯಂದಿರು ನೆರಳಲ್ಲಿ ಕೂತಿದ್ದರು. ಅನ್ನಪೂರ್ಣ ಕಡೆಯ ಹುಡುಗಿಯ ಹತ್ತಿರ ನಿಂತು ಮಾತಿಗೆಳೆದಳು. ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಒಬ್ಬರಿಂದ ಒಬ್ಬರಿಗೆ ಅದು ಪಾಳಿಯುದ್ದಕ್ಕೂ ಹೋಯಿತು. ಒಳಗಿನಿಂದ ಯಾರದೋ ಹೆಸರು ಕರೆದರು. ಮುಂದೆ ನಿಂತವಳು ಹೆಜ್ಜೆ ಎತ್ತಿದವಳು ಹಾಗೇ ನಿಂತಳು. ಎರಡನೆಯ ಸಲ ಕರೆದರು. ಅವಳು ಹಿಂದೆ ತಿರುಗಿ ನಮ್ಮನ್ನು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಹಿಂದಿನವಳೂ ಕೂತಳು.

ಪ್ರಭುರಾಜ ಹೊರಗೆ ಬಂದ. ನಮ್ಮನ್ನು ನೋಡಿ ಫೋನು ಕಿವಿಗಿಟ್ಟುಕೊಂಡ. ಪೊಲೀಸರಿಗೋ ಏನೋ. ಇಬ್ಬರು ಗಂಡಸರನ್ನು ಕರೆದುಕೊಂಡು ಸೀದಾ ನಮ್ಮ ಕಡೆ ಬರತೊಡಗಿದ. ನನಗೆ ಓಡಿಹೋಗಬೇಕು ಅನ್ನಿಸಿತು. ಜರೀನಾಳ ತಾಯಿ ನನ್ನ ರಟ್ಟೆ ಹಿಡಿದಳು.

ನಾವು ಅಲ್ಲೇ ನಿಂತೆವು.